ದನಗಳಿಗೆ ಅರಿವಳಿಕೆ: ಶಸ್ತ್ರಕ್ರಿಯೆಗೆ ಮುಂಚೆ ಮತ್ತು ನಂತರ ಯಜಮಾನನ ಪಾಲಿನ ಕೆಲಸ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಎತ್ತಿನ ಕೊಂಬಿಗೆ ಕ್ಯಾನ್ಸರ್ ಆಗಿದೆ, ಕೊಂಬು ತೆಗೆಯಬೇಕು. ಹಸು ಪ್ಲಾಸ್ಟಿಕ್ ನುಂಗಿದೆ, ಹೊಟ್ಟೆ ತೆರೆಯಬೇಕು. ಕರುವಿನ ಹೊಕ್ಕುಳಲ್ಲಿ ಕರುಳು ಇಳಿದಿದೆ, ಒಳಗೆ ತಳ್ಳಿ ಹೊಲಿಯಬೇಕು ಎಂದು ನಾವು ಹೇಳಿದ ಕೂಡಲೇ ನಿಮ್ಮಲ್ಲಿ ಬಹುಮಂದಿ ಎರಡು ಪ್ರಶ್ನೆ ಕೇಳುತ್ತೀರಿ. ಒಂದು, ‘ಖರ್ಚು ಎಷ್ಟಾಗುತ್ತದೆ ಸ್ವಾಮಿ?’ ಇನ್ನೊಂದು, ‘ಮತ್ತು ಬರಿಸಿದ ಮೇಲೆ ದನ ಎದ್ದೇಳುತ್ತದೆಯೇ?’ ಇವತ್ತು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ. ಸಾಮಾನ್ಯವಾಗಿ ಏಳುತ್ತದೆ. ಆದರೆ ಅದು ಏಳುವುದು ಬಿಡುವುದು ವೈದ್ಯರ ಸೂಜಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಹಿಂದಿನ ದಿನ ನಿಮ್ಮ ಕೊಟ್ಟಿಗೆಯಲ್ಲಿ ಏನು ನಡೆಯಿತು, ಶಸ್ತ್ರಕ್ರಿಯೆಯ ನಂತರ ನಾಲ್ಕಾರು ಗಂಟೆ ಅದರ ಪಕ್ಕದಲ್ಲಿ ಯಾರಿದ್ದರು ಎಂಬುದರ ಮೇಲೂ ಅದು ನಿಂತಿದೆ.

ಅರಿವಳಿಕೆ ಎಂದರೇನು?

ಪ್ರಾಣಿಯನ್ನು ಬರೇ ನಿದ್ರೆ ಮಾಡಿಸುವುದು ಅರಿವಳಿಕೆಯಲ್ಲ. ಪೂರ್ಣ ಅರಿವಳಿಕೆಯಲ್ಲಿ ಮೂರು ಸಂಗತಿಗಳು ಸೇರಿರಬೇಕು. ಪ್ರಜ್ಞೆ ತಪ್ಪಿರಬೇಕು, ನೋವು ತಿಳಿಯದಂತಿರಬೇಕು, ಮಾಂಸಖಂಡಗಳು ಸಡಿಲವಾಗಿರಬೇಕು. ಈ ಮೂರನ್ನೂ ಸರಿಯಾದ ಪ್ರಮಾಣದಲ್ಲಿ ಕೊಡುವ ಒಂದೇ ಔಷಧ ಇಲ್ಲವೆಂದೇ ಹೇಳಬಹುದು. ಕ್ಸೈಲಜಿನ್ ಎಂಬ ಔಷಧ ದನವನ್ನು ಶಾಂತಗೊಳಿಸಿ ಮಲಗಿಸುತ್ತದೆ, ಮಾಂಸಖಂಡಗಳನ್ನು ಸಡಿಲಿಸುತ್ತದೆ, ನೋವನ್ನೂ ಸ್ವಲ್ಪ ತಗ್ಗಿಸುತ್ತದೆ. ಆದರೆ ಅದೊಂದನ್ನೇ ನಂಬಿ ಚಾಕು ಹಿಡಿಯುವಂತಿಲ್ಲ. ಕೆಟಮೀನ್ ನೋವನ್ನು ಚೆನ್ನಾಗಿ ಮರೆಸುತ್ತದೆ, ಆದರೆ ಮೈಯನ್ನು ಬಿಗಿಯಾಗಿಸುತ್ತದೆ. ಥಯೋಪೆಂಟೋನ್ ನಿಮಿಷದೊಳಗೆ ನಿದ್ರೆ ತರುತ್ತದೆ, ನೋವಿನ ಮಟ್ಟಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಮೇಲಾಗಿ ರಕ್ತನಾಳದಿಂದ ಹೊರಗೆ ಚೆಲ್ಲಿದರೆ ಆ ಜಾಗದ ಚರ್ಮ, ಮಾಂಸ ಕೊಳೆತು ಉದುರುತ್ತದೆ. ಆದುದರಿಂದಲೇ ವೈದ್ಯರು ಎರಡು ಮೂರು ಔಷಧಗಳನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ಕೊಡುತ್ತಾರೆ. ‘ಒಂದು ಇಂಜೆಕ್ಷನ್ ಸಾಲದೇ, ಬಿಲ್ಲು ಹೆಚ್ಚಿಸಲು ಮೂರು ಚುಚ್ಚುತ್ತಾರೆ’ ಎಂದು ಗೊಣಗುವವರಿದ್ದಾರೆ. ಕಾರಣ ಇದು.

ಈ ವಿದ್ಯೆ ಬಹಳ ಹಳೆಯದೇನಲ್ಲ. ಅಮೇರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ 1846ರ ಅಕ್ಟೋಬರಿನಲ್ಲಿ ಈಥರ್ ಆವಿಯನ್ನು ಉಸಿರಾಡಿಸಿ ರೋಗಿಗೆ ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಬಹುದೆಂದು ತೋರಿಸಿದ. ಮರುವರ್ಷವೇ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂ ಬಳಸಿದರು. ಪಶುಗಳಿಗೆ ಬಹುಕಾಲ ಕ್ಲೋರಲ್ ಹೈಡ್ರೇಟ್ ಕೊಡುತ್ತಿದ್ದರು. ನಮ್ಮ ಹಿರಿಯ ಪಶುವೈದ್ಯರು ಅದಕ್ಕೆ ಮೆಗ್ನೀಷಿಯಂ ಸಲ್ಫೇಟ್ ಕೂಡಿಸಿ ಕುತ್ತಿಗೆಯ ರಕ್ತನಾಳಕ್ಕೆ ಬಿಡುತ್ತಿದ್ದುದುಂಟು. ಕ್ಸೈಲಜಿನ್ ಜರ್ಮನಿಯಲ್ಲಿ ತಯಾರಾದದ್ದು 1962ರಲ್ಲಿ. ಅಲ್ಲಿಂದ ಈಚೆಗೆ ದನದ ಕೆಲಸ ಬಹಳ ಸುಲಭವಾಯಿತು. ಸುಲಭವಾದದ್ದರಿಂದಲೇ ಒಂದು ಅಪಾಯವೂ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೆಲುಕು ಹಾಕುವ ಪ್ರಾಣಿಯ ಕಷ್ಟ

ನಾಯಿಗೆ, ಕುದುರೆಗೆ, ಮನುಷ್ಯನಿಗೆ ಪೂರ್ಣ ಅರಿವಳಿಕೆ ಕೊಡುವುದಕ್ಕೂ ದನಕ್ಕೆ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ದೊಡ್ಡ ಹಸುವಿನ ಮೆಲುಕು ಚೀಲದಲ್ಲಿ ನೂರು ಲೀಟರಿಗೂ ಮಿಕ್ಕಿ ಮೇವು ನೀರು ಹಿಡಿಯುತ್ತದೆ. ಅದು ಸದಾ ಹುದುಗು ಬರುತ್ತಿರುವ ಒಂದು ದೊಡ್ಡ ಹಂಡೆಯಿದ್ದಂತೆ. ಹುದುಗುವಾಗ ಹುಟ್ಟುವ ಅನಿಲವನ್ನು ದನ ತೇಗಿ ತೇಗಿ ಹೊರಹಾಕುತ್ತದೆ. ಇದರ ಜೊತೆಗೆ ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ಸುರಿಸಿ ನುಂಗುತ್ತಿರುತ್ತದೆ.

ಈಗ ಇಂತಹ ಪ್ರಾಣಿಯನ್ನು ಮತ್ತು ಬರಿಸಿ ಮಗ್ಗುಲಿಗೆ ಕೆಡವಿದೆವೆಂದು ಇಟ್ಟುಕೊಳ್ಳಿ. ತೇಗು ನಿಂತುಹೋಗುತ್ತದೆ, ಅನಿಲ ಒಳಗೇ ಸೇರಿ ಹೊಟ್ಟೆ ಉಬ್ಬುತ್ತದೆ. ಉಬ್ಬಿದ ಹೊಟ್ಟೆ ಮುಂದಕ್ಕೆ ಒತ್ತಿ ಶ್ವಾಸಕೋಶ ಹಿಗ್ಗದಂತೆ ಮಾಡುತ್ತದೆ. ಅದರಿಂದ ಹೃದಯಕ್ಕೆ ಹಿಂದಿರುಗುವ ರಕ್ತವೂ ಕಡಿಮೆಯಾಗುತ್ತದೆ. ಅನ್ನನಾಳದ ಬಿಗಿ ಸಡಿಲವಾಗಿರುವುದರಿಂದ ಹೊಟ್ಟೆಯ ನೀರು ಮೇಲಕ್ಕೆ ಉಕ್ಕಿ ಗಂಟಲಿಗೆ ಬರುತ್ತದೆ. ಎಚ್ಚರವಿದ್ದ ದನಕ್ಕೆ ಕೆಮ್ಮು ಬರುತ್ತಿತ್ತು; ಮತ್ತಿನಲ್ಲಿರುವ ದನ ಕೆಮ್ಮುವುದಿಲ್ಲ. ಆ ನೀರು, ಆ ಜೊಲ್ಲು, ಅದರೊಡನೆ ಮೇವಿನ ಚೂರು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಹೆಚ್ಚು ಇಳಿದರೆ ಅಲ್ಲೇ ಉಸಿರುಗಟ್ಟಿ ಸಾಯುತ್ತದೆ. ಸ್ವಲ್ಪ ಇಳಿದರೆ ಅಂದು ಎದ್ದು ನಿಂತು, ಎರಡು ಮೂರು ದಿನಗಳಲ್ಲಿ ನ್ಯುಮೋನಿಯಾದಿಂದ ಸಾಯಬಹುದು. ಇವೆರಡು, ಹೊಟ್ಟೆ ಉಬ್ಬರ ಮತ್ತು ಉಕ್ಕಿ ಬಂದ ನೀರು, ದನದ ಅರಿವಳಿಕೆಯ ದೊಡ್ಡ ಶತ್ರುಗಳು. ಔಷಧ ಹೆಚ್ಚಾಗಿ ಸಾಯುವುದು ಮಾತ್ರವೇ ಅಪಾಯವೆಂದು ತಿಳಿಯಬೇಡಿ.

ಈ ಕಾರಣದಿಂದ ದನಗಳಲ್ಲಿ ಸಾಧ್ಯವಿದ್ದಷ್ಟೂ ನಾವು ಪೂರ್ಣ ಅರಿವಳಿಕೆಯನ್ನು ತಪ್ಪಿಸುತ್ತೇವೆ. ನಿಂತ ದನಕ್ಕೇ ಎಡಪಕ್ಕೆಯ ನರಗಳ ಬಳಿ ಲಿಗ್ನೋಕೇನ್ ಚುಚ್ಚಿ ಹೊಟ್ಟೆ ತೆರೆದು ತಂತಿ, ಮೊಳೆ, ಪ್ಲಾಸ್ಟಿಕ್ ತೆಗೆಯುತ್ತೇವೆ. ಬಾಲದ ಬುಡದಲ್ಲಿ ಬೆನ್ನುಹುರಿಯ ಕಾಲುವೆಗೆ ಸುಮಾರು 5 ಮಿಲಿಲೀಟರು ಕೊಟ್ಟರೆ ದೊಡ್ಡ ಹಸುವಿಗೂ ಹಿಂಭಾಗ ಮರಗಟ್ಟುತ್ತದೆ. ಹೊರಬಿದ್ದ ಗರ್ಭಕೋಶವನ್ನು ಒಳಗೆ ತಳ್ಳುವಾಗ ಹಸು ತಿಣುಕುವುದು ನಿಲ್ಲುತ್ತದೆ. ಕೊಂಬು ತೆಗೆಯಲು ಕಣ್ಣಿನ ಹಿಂದಿನಿಂದ ಕೊಂಬಿಗೆ ಹೋಗುವ ನರವನ್ನು ಮರಗಟ್ಟಿಸಿ, ಜೊತೆಗೆ ಸ್ವಲ್ಪ ಶಾಂತಗೊಳಿಸುವ ಔಷಧ ಕೊಟ್ಟರೆ ಸಾಕಾಗುತ್ತದೆ. ‘ಎಚ್ಚರವಿದ್ದಾಗಲೇ ಹೊಟ್ಟೆ ಕೊಯ್ದರಲ್ಲ’ ಎಂದು ಕೆಲವರು ಮರುಗುತ್ತಾರೆ. ಹಸು ಮೆಲುಕು ಹಾಕುತ್ತಾ ನಿಂತಿರುವುದನ್ನು ನೋಡಿದರೆ ನಿಮಗೇ ಸಮಾಧಾನವಾಗುತ್ತದೆ. ಕುರಿ ಮೇಕೆಗಳಿಗೆ ಮಾತ್ರ ಲಿಗ್ನೋಕೇನನ್ನೂ ಅಳೆದು ಕೊಡಬೇಕು. ಸಣ್ಣ ಮರಿಗೆ ದನದ ಅಳತೆಯಲ್ಲಿ ಕೊಟ್ಟರೆ ಸೆಳೆತ ಬರುತ್ತದೆ.

ಪೂರ್ಣ ಅರಿವಳಿಕೆಯನ್ನು ತಪ್ಪಿಸಲಾಗದ ಸಂದರ್ಭಗಳೂ ಇವೆ. ಎಮ್ಮೆಗಳಲ್ಲಿ ಕಾಣುವ ಒಂದು ರೋಗವನ್ನು ಹೇಳುತ್ತೇನೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ತೆರೆ ಹರಿದು, ಜೇನುಗೂಡಿನಂತಿರುವ ಎರಡನೆಯ ಹೊಟ್ಟೆ ಎದೆಯೊಳಗೆ ನುಗ್ಗುತ್ತದೆ. ಹಲವು ವೇಳೆ ನುಂಗಿದ ತಂತಿಯೇ ಇದರ ಮೂಲ. ಎಮ್ಮೆ ಮತ್ತೆ ಮತ್ತೆ ಉಬ್ಬರಿಸುತ್ತದೆ, ಸಗಣಿ ಕಡಿಮೆಯಾಗುತ್ತದೆ, ಮೇವು ಬಿಡುತ್ತದೆ, ಯಾವ ಔಷಧಕ್ಕೂ ಜಗ್ಗುವುದಿಲ್ಲ. ಇದಕ್ಕೆ ಮೊದಲು ನಿಲ್ಲಿಸಿಯೇ ಮೆಲುಕು ಚೀಲವನ್ನು ತೆರೆದು ಬರಿದು ಮಾಡಿ, ನಂತರ ಪೂರ್ಣ ಅರಿವಳಿಕೆಯಲ್ಲಿ ಬೆನ್ನ ಮೇಲೆ ಮಲಗಿಸಿ ವಪೆಯನ್ನು ಹೊಲಿಯಬೇಕು. ಎದೆಯ ಗೂಡು ತೆರೆದ ಕ್ಷಣ ಎಮ್ಮೆ ತಾನಾಗಿ ಉಸಿರಾಡಲಾರದು. ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಚೀಲ ಅದುಮಿ ಆಮ್ಲಜನಕ ತುಂಬುತ್ತಾ ಇರಬೇಕಾಗುತ್ತದೆ. ಇಂತಹ ಕೆಲಸ ಹಳ್ಳಿಯ ಹುಣಸೆಮರದ ಕೆಳಗೆ ಆಗುವುದಿಲ್ಲ. ‘ಕಾಲೇಜಿನ ಆಸ್ಪತ್ರೆಗೆ ಕೊಂಡೊಯ್ಯಿರಿ’ ಎಂದು ನಿಮ್ಮೂರಿನ ವೈದ್ಯರು ಹೇಳಿದರೆ ಕೈ ಚೆಲ್ಲಿದರೆಂದು ಭಾವಿಸಬೇಡಿ.

ಉಪವಾಸ: ಎಲ್ಲಕ್ಕಿಂತ ಮುಖ್ಯ

ಬೆಳೆದ ದನಕ್ಕೆ ಶಸ್ತ್ರಕ್ರಿಯೆಗೆ 24 ಗಂಟೆ ಮುಂಚಿನಿಂದ, ಕೆಲವೊಮ್ಮೆ 36 ಗಂಟೆ ಮುಂಚಿನಿಂದ ಮೇವು ನಿಲ್ಲಿಸಲು ಹೇಳುತ್ತೇವೆ. ನೀರನ್ನು ಸುಮಾರು 12 ಗಂಟೆ ಮೊದಲು ನಿಲ್ಲಿಸಬೇಕು. ಕುರಿ ಮೇಕೆಗಳಿಗೆ ಮೇವು 12ರಿಂದ 24 ಗಂಟೆ. ಹಾಲು ಕುಡಿಯುವ ಎಳೆಗರುವನ್ನು ಮಾತ್ರ ಹೀಗೆ ಉಪವಾಸ ಕೆಡವಕೂಡದು. ಅದರ ಮೆಲುಕು ಚೀಲ ಇನ್ನೂ ಬೆಳೆದಿರುವುದಿಲ್ಲ, ಹೊತ್ತು ಮೀರಿದರೆ ರಕ್ತದಲ್ಲಿ ಸಕ್ಕರೆ ಇಳಿದು ಬಳಲುತ್ತದೆ. ಎರಡು ನಾಲ್ಕು ಗಂಟೆ ಹಾಲು ತಪ್ಪಿಸಿದರೆ ಸಾಕು. ಯಾವ ಪ್ರಾಣಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳುತ್ತಾರೆ, ಹೇಳದಿದ್ದರೆ ಕೇಳಿ.

ಇಷ್ಟು ಉಪವಾಸ ಮಾಡಿಸಿದರೂ ಮೆಲುಕು ಚೀಲ ಖಾಲಿಯಾಗುವುದಿಲ್ಲ. ತುಂಬಿದ್ದು ಸ್ವಲ್ಪ ಇಳಿಯುತ್ತದೆ, ಹುದುಗು ತಣ್ಣಗಾಗುತ್ತದೆ, ಉಬ್ಬರ ನಿಧಾನವಾಗುತ್ತದೆ. ಆ ಸ್ವಲ್ಪವೇ ಜೀವ ಉಳಿಸುತ್ತದೆ.

ಉಪವಾಸವೆಂದರೆ ಗೋದಲಿಗೆ ಹುಲ್ಲು ಹಾಕದಿರುವುದಷ್ಟೇ ಅಲ್ಲ. ಕಟ್ಟಿದ ಜಾಗದಲ್ಲಿ ಕೆಳಗೆ ಹಾಸಿದ ಹುಲ್ಲನ್ನು ದನ ತಿನ್ನುತ್ತದೆ. ಪಕ್ಕದ ದನದ ಬಾಯಿಂದ ಕಸಿದುಕೊಳ್ಳುತ್ತದೆ. ಕಲಗಚ್ಚು ‘ಬರೀ ನೀರು’ ಎಂದು ಕುಡಿಸುವವರಿದ್ದಾರೆ. ಅದರಲ್ಲಿರುವ ಗಂಜಿ, ಅನ್ನ, ತೌಡು ಹುಲ್ಲಿಗಿಂತ ಬೇಗ ಹುದುಗುತ್ತವೆ. ಬೇರೆ ಕಡೆ, ಬರಿ ನೆಲದ ಮೇಲೆ ಕಟ್ಟಿ, ಬೇಕಾದರೆ ಬಾಯಿಗೆ ಕುಕ್ಕೆ ಹಾಕಿ.

ಒಂದು ಸಲ ದೂರದ ಹಳ್ಳಿಯಿಂದ ಒಬ್ಬರು ಕೊಂಬಿನ ಕ್ಯಾನ್ಸರ್ ಆದ ಎತ್ತನ್ನು ತಂದರು. ಜೋಡಿಯಲ್ಲಿ ಬಲಗಡೆಯ ಎತ್ತು, ಒಳ್ಳೆ ದುಡಿಮೆಗಾರ. ‘ನಿನ್ನೆ ಬೆಳಿಗ್ಗೆಯಿಂದ ಒಂದು ಎಳೆ ಹುಲ್ಲು ಹಾಕಿಲ್ಲ’ ಎಂದು ಹೇಳಿದರು. ಅವರು ತಿಳಿದಂತೆ ಅದು ನಿಜವೇ ಆಗಿತ್ತು. ಬೆಳಗಿನ ಜಾವ ಮನೆಯ ಅಜ್ಜಿ, ‘ಮೂಕ ಪ್ರಾಣಿ, ಕೊಯ್ಸಿಕೊಳ್ಳೋಕೆ ಹೋಗ್ತದೆ, ಖಾಲಿ ಹೊಟ್ಟೇಲಿ ಕಳಿಸೋದೇ’ ಎಂದು ಒಂದು ಬಕೆಟ್ಟು ಬೂಸಾ ನೀರು ಕುಡಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಔಷಧ ಹತ್ತಿ ಎತ್ತು ಮಲಗಿದ ಕೆಲವೇ ನಿಮಿಷಗಳಲ್ಲಿ ಮೂಗಿನಿಂದ ಬೂಸಾ ನೀರು ಇಳಿಯತೊಡಗಿತು. ತಲೆ ತಗ್ಗಿಸಿ, ಕೈ ಹಾಕಿ ಗಂಟಲು ಬರಿದು ಮಾಡಿ, ಮಗ್ಗುಲು ಬದಲಿಸಿ ಎಬ್ಬಿಸಿ ಕೂರಿಸಿದ್ದಾಯಿತು. ಸಂಜೆ ಎದ್ದು ನಿಂತಿತು. ಮೂರನೆಯ ದಿನ ಸತ್ತಿತು. ಅಜ್ಜಿಯ ಕರುಣೆಯನ್ನು ನಾನು ತಪ್ಪೆನ್ನಲಾರೆ. ಉಪವಾಸ ಏಕೆಂದು ಮನೆಯಲ್ಲಿ ಆಕೆಗೆ ಯಾರೂ ಹೇಳಿರಲಿಲ್ಲ. ಆದುದರಿಂದ ವೈದ್ಯರ ಮಾತನ್ನು ಯಜಮಾನ ಕೇಳಿಸಿಕೊಂಡರೆ ಸಾಲದು. ಕೊಟ್ಟಿಗೆಗೆ ಕಾಲಿಡುವ ಹೆಂಗಸರು, ಮಕ್ಕಳು, ಆಳುಗಳು ಎಲ್ಲರಿಗೂ ತಿಳಿಯಬೇಕು. ಒಂದು ವೇಳೆ ತಿಂದಿದ್ದರೆ ಮುಚ್ಚಿಡದೆ ಹೇಳಿಬಿಡಿ. ಶಸ್ತ್ರಕ್ರಿಯೆ ನಾಳೆಗೆ ಹೋದರೆ ಒಂದು ದಿನದ ಗಾಡಿ ಬಾಡಿಗೆ ನಷ್ಟ, ಅಷ್ಟೇ.

ಉಪವಾಸಕ್ಕೆ ಪುರುಸೊತ್ತಿಲ್ಲದ ತುರ್ತು ಸಂದರ್ಭಗಳಲ್ಲಿ, ಉದಾಹರಣೆಗೆ ಕರು ಅಡ್ಡ ಸಿಕ್ಕಿ ಹೊಟ್ಟೆ ಕೊಯ್ದು ತೆಗೆಯಬೇಕಾದಾಗ, ಸ್ಥಳೀಯ ಅರಿವಳಿಕೆಯೇ ಗತಿ.

ತೂಕ ಮತ್ತು ಪೂರ್ವಾಪರ

ಔಷಧದ ಅಳತೆ ದನದ ತೂಕದ ಮೇಲಿರುತ್ತದೆ. ಕಣ್ಣಳತೆಯಲ್ಲಿ ಐವತ್ತು ಕಿಲೋ ಆಚೀಚೆ ಆಗುವುದು ಸುಲಭ. ತೂಕದ ಯಂತ್ರ ಇಲ್ಲದಲ್ಲಿ ಟೇಪಿನಿಂದ ಅಳೆಯಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಸುತ್ತಳತೆ 64 ಅಂಗುಲ, ಉದ್ದ 52 ಅಂಗುಲ ಇದ್ದರೆ 710 ಪೌಂಡು, ಅಂದರೆ ಸುಮಾರು 322 ಕಿಲೋ. ವಿಸ್ತರಣಾ ಕಾರ್ಯಕರ್ತರು ಈ ಲೆಕ್ಕ ಕಲಿತಿದ್ದರೆ ಜಂತು ಔಷಧ ಕೊಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಗಬ್ಬವಿದ್ದರೆ ಎಷ್ಟು ತಿಂಗಳು ಎಂದು ತಪ್ಪದೆ ಹೇಳಬೇಕು. ಕ್ಸೈಲಜಿನ್ ಗರ್ಭಕೋಶವನ್ನು ಹಿಂಡುತ್ತದೆ. ತುಂಬು ಗಬ್ಬದ ಹಸುವಿಗೆ ಅದನ್ನು ಕೊಡುವುದಿಲ್ಲ. ಕೆಮ್ಮು, ಭೇದಿ, ಈಚೆಗೆ ಮಾಡಿಸಿದ ಚಿಕಿತ್ಸೆ, ನಾಟಿ ಔಷಧ ಕುಡಿಸಿದ್ದು, ಇವನ್ನೂ ಹೇಳಿ. ಬೈಯುತ್ತಾರೆಂದು ನಾಟಿ ಔಷಧದ ವಿಷಯ ಮುಚ್ಚಿಡುವುದೇ ಹೆಚ್ಚು.

ಮಲಗಿಸುವಾಗ

ಮತ್ತು ಹತ್ತುವ ದಾರಿಯಲ್ಲಿ ಒಂದು ಹಂತದಲ್ಲಿ ಪ್ರಾಣಿ ಗಾಬರಿಯಿಂದ ಒದ್ದಾಡಬಹುದು. ಅದನ್ನು ದಾಟಿದ ಮೇಲೆ ಶಸ್ತ್ರಕ್ರಿಯೆಗೆ ತಕ್ಕ ನಿದ್ರೆ. ಅದನ್ನೂ ಮೀರಿದರೆ ಉಸಿರು ನಿಲ್ಲುವ ಹಂತ. ಸುತ್ತ ಗುಂಪು ಸೇರಿ ಕೂಗಾಡಿದರೆ, ನಾಯಿ ಬೊಗಳಿದರೆ ಔಷಧ ಸರಿಯಾಗಿ ಹತ್ತುವುದಿಲ್ಲ. ಆಗ ಇನ್ನಷ್ಟು ಕೊಡಬೇಕಾಗುತ್ತದೆ. ಹಗ್ಗ ಹಿಡಿಯಲು ಬೇಕಾದ ಮೂರು ನಾಲ್ಕು ಜನ ಸಾಕು. ಲಾಳ ಕಟ್ಟುವವರು ಎತ್ತು ಕೆಡವುವ ರೀತಿ ನಿಮಗೆ ಗೊತ್ತು. ಆದರೆ ಇಲ್ಲಿ ಧೊಪ್ಪನೆ ಬೀಳಿಸಕೂಡದು.

ನೆಲಕ್ಕೆ ದಪ್ಪಗೆ ಹುಲ್ಲು ಹಾಸಿ ಮೇಲೆ ಗೋಣಿಚೀಲ ಹರಡಿ. ಭಾರವಾದ ದನ ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಒಂದು ಗಂಟೆ ಬಿದ್ದಿದ್ದರೆ ಕೆಳಗಿನ ಮುಂಗಾಲಿನ ನರ ಜಜ್ಜಿ, ಎದ್ದ ಮೇಲೆ ಕಾಲೆಳೆಯುತ್ತದೆ. ಭುಜದ ಕೆಳಗೆ ಲಾರಿ ಟೈರಿನ ಟ್ಯೂಬಿಗೆ ಅರ್ಧ ಗಾಳಿ ತುಂಬಿ ಇಟ್ಟು, ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದಿಟ್ಟರೆ ಇದು ತಪ್ಪುತ್ತದೆ. ಮೂತಿಯ ಹಗ್ಗದ ಗಂಟು ಕೆನ್ನೆಯ ಕೆಳಗೆ ಸಿಕ್ಕಬಾರದು. ಕುತ್ತಿಗೆಯ ಕೆಳಗೆ ದಿಂಬಿನಂತೆ ಹುಲ್ಲಿನ ಕಟ್ಟು ಇಟ್ಟು, ಬಾಯಿ ಎಲ್ಲಕ್ಕಿಂತ ತಗ್ಗಿನಲ್ಲಿರುವಂತೆ ನೋಡಿಕೊಳ್ಳಬೇಕು; ಆಗ ಜೊಲ್ಲು ಹೊರಕ್ಕೆ ಹರಿಯುತ್ತದೆ. ಜೊಲ್ಲು ನಿಲ್ಲಿಸಲು ಅಟ್ರೋಪಿನ್ ಕೊಡಬಾರದೇ ಎಂದು ಕೆಲವು ಕಾರ್ಯಕರ್ತರು ಕೇಳುತ್ತಾರೆ. ದನದಲ್ಲಿ ಅದು ಜೊಲ್ಲನ್ನು ನಿಲ್ಲಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಹೊಟ್ಟೆಯ ಚಲನೆಯನ್ನೂ ನಿಧಾನಿಸುತ್ತದೆ. ಶ್ವಾಸನಾಳಕ್ಕೆ ಇಳಿಸಿ ಸುತ್ತ ಗಾಳಿ ತುಂಬುವ ಕೊಳವೆಯೇ ನಂಬಬಹುದಾದ ರಕ್ಷಣೆ.

ಶಸ್ತ್ರಕ್ರಿಯೆ ನಡೆಯುವಾಗ ಯಜಮಾನನಿಗೆ ಒಂದು ಕೆಲಸ ಕೊಡುವುದು ನನ್ನ ಪದ್ಧತಿ. ಪಕ್ಕೆಯನ್ನು ನೋಡುತ್ತಾ ಉಸಿರು ಎಣಿಸುವುದು. ಏರಿಳಿತ ಸಮವಾಗಿರಬೇಕು, ಬಿಟ್ಟು ಬಿಟ್ಟು ಬಂದರೆ, ಎಡಹೊಟ್ಟೆ ಡೋಲಿನಂತೆ ಬಿಗಿದರೆ ಕೂಡಲೇ ಕೂಗಿ ಹೇಳಬೇಕು. ವಸಡು ಗುಲಾಬಿ ಬಣ್ಣವಿದ್ದರೆ ಸರಿ, ನೀಲಿಯಾದರೆ ಅಪಾಯ. ಕೆಲವು ನಾಟಿ ದನಗಳ ವಸಡು ಹುಟ್ಟಿನಿಂದಲೇ ಕಪ್ಪಗಿರುವುದರಿಂದ ಕಣ್ಣಿನ ಕೆಳರೆಪ್ಪೆಯ ಒಳಮೈ ನೋಡುವುದು ಮೇಲು. ಕಣ್ಣುಗುಡ್ಡೆ ಕೆಳಕ್ಕೆ ಹೊರಳಿದ್ದರೆ ನಿದ್ರೆ ತಕ್ಕಷ್ಟಿದೆ ಎಂದು ವೈದ್ಯರು ತಿಳಿಯುತ್ತಾರೆ. ಅದು ಮತ್ತೆ ನಡುವಿಗೆ ಬಂದರೆ ಒಂದೋ ಎಚ್ಚರವಾಗುತ್ತಿದೆ, ಇಲ್ಲವೇ ಮತ್ತು ಮಿತಿಮೀರಿದೆ. ಯಾವುದೆಂದು ಗೊತ್ತುಮಾಡುವುದು ಅವರ ಕೆಲಸ.

ಅಂಗಡಿಯಿಂದ ತಂದ ಬಾಟಲಿ

ಹಿಂದೆ ಹೇಳಿದ ಅಪಾಯ ಇದು. ಪೋಲಿ ಹೋರಿಯನ್ನು ಲಾರಿಗೆ ಹತ್ತಿಸಲು, ಲಾಳ ಹೊಡೆಸಲು ‘ಒಂದು ಸಣ್ಣ ಬಾಟಲಿ ಬರೆದುಕೊಡಿ, ನಾವೇ ಚುಚ್ಚಿಕೊಳ್ಳುತ್ತೇವೆ’ ಎಂದು ಕೇಳುವವರಿದ್ದಾರೆ. ದನ ಕ್ಸೈಲಜಿನ್‌ಗೆ ಬಹಳ ಸೂಕ್ಷ್ಮ. ಕುದುರೆಗೆ ಬೇಕಾದ ಅಳತೆಯ ಹತ್ತರಲ್ಲೊಂದು ಪಾಲೇ ಅದಕ್ಕೆ ಸಾಕು. ಮೇಕೆಗೆ ಇನ್ನೂ ಎಚ್ಚರ ಬೇಕು. ಕುದುರೆಗೆಂದು ಬರೆದ ಅಳತೆಯನ್ನು ನೋಡಿ ಹೋರಿಗೆ ಕೊಟ್ಟರೆ ಅದು ಏಳದಿರಬಹುದು. ಚುಚ್ಚುವವನಿಗೂ ಅಪಾಯವುಂಟು. ಹೋರಿ ಕೊಸರಿದಾಗ ಸೂಜಿ ಕೈಗೆ ನಾಟಿದರೆ ಮನುಷ್ಯನ ರಕ್ತದ ಒತ್ತಡ ಇಳಿದು, ನಾಡಿ ನಿಧಾನವಾಗಿ, ಪ್ರಜ್ಞೆ ತಪ್ಪಬಹುದು. ಹಾಗಾದರೆ ತಾನೇ ಗಾಡಿ ಓಡಿಸಿಕೊಂಡು ಹೋಗದೆ, ಬಾಟಲಿಯನ್ನು ಜೊತೆಗೆ ಹಿಡಿದು ಇನ್ನೊಬ್ಬರೊಡನೆ ಆಸ್ಪತ್ರೆಗೆ ಹೋಗತಕ್ಕದ್ದು. ಇನ್ನು, ತೂಕಡಿಸುತ್ತಾ ನಿಂತ ದನ ಒದೆಯುವುದಿಲ್ಲವೆಂದು ಹಿಂದೆ ನಿಲ್ಲಬೇಡಿ. ಫಕ್ಕನೆ ಗುರಿಯಿಟ್ಟಂತೆ ಒದೆಯುವುದುಂಟು.

ಎಚ್ಚರವಾಗುವ ಹೊತ್ತು

ಹೊಲಿಗೆ ಮುಗಿದ ಕೂಡಲೇ ಎಲ್ಲರೂ ನಿಟ್ಟುಸಿರು ಬಿಟ್ಟು ಕಾಫಿಗೆ ಹೊರಡುತ್ತಾರೆ. ಈ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದೆ ಕಳೆದುಹೋಗುವ ದನಗಳಿವೆ. ಆದಷ್ಟು ಬೇಗ ಅದನ್ನು ಮಗ್ಗುಲಿನಿಂದ ಎಬ್ಬಿಸಿ, ಎದೆಯ ಮೇಲೆ ಕುಳಿತು ಮೆಲುಕು ಹಾಕುವ ಭಂಗಿಯಲ್ಲಿ ಕೂರಿಸಿ, ಎರಡು ಕಡೆ ಹುಲ್ಲಿನ ಕಟ್ಟು ಆನಿಸಬೇಕು. ಆಗ ತೇಗು ಬರುತ್ತದೆ. ತೇಗು ಕೇಳಿಸಿದರೆ ಅರ್ಧ ಗೆದ್ದಂತೆ. ನೆರಳಿರಲಿ, ಮತ್ತಿನಲ್ಲಿರುವ ದನಕ್ಕೆ ಮೈಯ ಬಿಸಿಯನ್ನು ಹದದಲ್ಲಿಡುವ ಶಕ್ತಿ ಇರುವುದಿಲ್ಲ, ಬಿಸಿಲಿಗೆ ಬೇಗ ಕಾಯುತ್ತದೆ. ಚಳಿಗಾಲದ ಸಂಜೆಯಾದರೆ ಗೋಣಿ ಹೊದಿಸಿ. ಹೆಚ್ಚು ಮೂತ್ರ ಹೊಯ್ದರೆ ಗಾಬರಿ ಬೇಡ, ಅದು ಔಷಧದ ಗುಣ.

ಬಾಲ ತಿರುವಿ, ಕೋಲಿನಿಂದ ತಿವಿದು ಎಬ್ಬಿಸಬೇಡಿ. ಅರೆ ಎಚ್ಚರದಲ್ಲಿ ಎದ್ದು ಜಾರಿ ಬಿದ್ದರೆ ಕಾಲು ಮುರಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗೊಟ್ಟ ತರಬೇಡಿ. ‘ಬಾಯಾರಿದೆ’ ಎಂದು ಬೆಲ್ಲದ ನೀರು, ಮಜ್ಜಿಗೆ, ಗಂಜಿ ಯಾವುದನ್ನೂ ಗೊಟ್ಟದಲ್ಲಿ ಹೊಯ್ಯಕೂಡದು. ನುಂಗುವ ಶಕ್ತಿ ಬಂದಿರುವುದಿಲ್ಲ. ಹೊಯ್ದದ್ದು ಶ್ವಾಸಕೋಶಕ್ಕೇ ಹೋಗುತ್ತದೆ. ತಾನಾಗಿ ಎದ್ದು, ತೂರಾಡದೆ ನಿಂತು, ಬಕೆಟ್ಟಿಗೆ ತಾನೇ ಮೂತಿ ಇಟ್ಟಾಗ ಮೊದಲು ಸ್ವಲ್ಪ ನೀರು, ಆಮೇಲೆ ಒಂದು ಹಿಡಿ ಹಸಿ ಹುಲ್ಲು. ಹಿಂಡಿ, ಬೂಸಾ ಮರುದಿನಕ್ಕಿರಲಿ. ಪೂರ್ತಿ ಎಚ್ಚರವಾಗುವ ತನಕ ಗಾಡಿಗೆ ಹತ್ತಿಸಬೇಡಿ, ಬಾವಿ ಕಟ್ಟೆಯ ಬಳಿ ಬಿಡಬೇಡಿ.

ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು, ಕರುವಿಗೆ ಬಿಡಬಹುದೇ ಎಂದು ಔಷಧ ಕೊಟ್ಟ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ನೋವಿನ ಔಷಧದ ವಿಷಯ ಒಂದು ಮಾತು. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. 2006ರಲ್ಲಿ ನಮ್ಮ ದೇಶದಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನೂ ನಿಷೇಧಿಸಲಾಗಿದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳ ಧಾಮ ಮಾಡಿದ್ದೇವೆ; ಸುತ್ತಿನ ಊರಿನವರು ಮನುಷ್ಯರ ಔಷಧಿ ಅಂಗಡಿಯಿಂದ ಅದನ್ನು ತಂದು ದನಕ್ಕೆ ಚುಚ್ಚಿಸಬಾರದು. ಮೆಲಾಕ್ಸಿಕಾಂ ಇದೆ, ಅದು ಹದ್ದಿಗೂ ಸುರಕ್ಷಿತ.

ಅರಿವಳಿಕೆಯಲ್ಲಿ ಅಥವಾ ಅದಾದ ಒಂದೆರಡು ದಿನದಲ್ಲಿ ದನ ಸತ್ತರೆ ಮಾಂಸವನ್ನು ಯಾರೂ ತಿನ್ನದಂತೆ, ನಾಯಿ ನರಿ ಅಗೆಯದಂತೆ ಆಳವಾಗಿ ಹೂಳಬೇಕು. ಮನೆಗೆ ಹೋದ ಮೇಲೆ ಕೆಮ್ಮು, ಮೂಗಿನಲ್ಲಿ ದುರ್ವಾಸನೆಯ ಸಿಂಬಳ, ಮೇಲುಸಿರು ಕಂಡರೆ ಹೊಲಿಗೆ ಬಿಚ್ಚುವ ದಿನದ ತನಕ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ. 1962 ಸಂಖ್ಯೆಗೆ ಫೋನು ಮಾಡಿದರೆ ಪಶು ಚಿಕಿತ್ಸಾ ವಾಹನಕ್ಕೂ ಕೇಳಿಕೊಳ್ಳಬಹುದು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಕೊಂಬಿನ ಕ್ಯಾನ್ಸರಿನ ಎತ್ತು ಯಾರ ಮನೆಯಲ್ಲಾದರೂ ಇದ್ದರೆ ಮೊದಲು ಅವರು ಮುಂದೆ ಬನ್ನಿ.